ಸಣ್ಣ ಸ್ಟಾರ್ಟಪ್ ಕೈಬದಲಾಗುವ ಹೊತ್ತು: ನಿರ್ಗಮನದ ತಯಾರಿ ಯಾವಾಗ, ಹೇಗೆ

ಅಪ್ರಮೇಯ ರಾಧಾಕೃಷ್ಣ ಅವರು ಬೆಂಗಳೂರಿನಲ್ಲಿ ಕಟ್ಟಿದ ಎರಡು ಕಂಪನಿಗಳ ಕೊನೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬಹಳಷ್ಟು ಅರ್ಥವಾಗುತ್ತದೆ. ಜಿ. ರಘುನಂದನ್ ಅವರ ಜೊತೆ 2011ರಲ್ಲಿ ಆರಂಭಿಸಿದ ಟ್ಯಾಕ್ಸಿ ಕಾಯ್ದಿರಿಸುವ ಕಂಪನಿ ಟ್ಯಾಕ್ಸಿ ಫಾರ್ ಶ್ಯೂರ್ ಅನ್ನು 2015ರ ಮಾರ್ಚ್‌ನಲ್ಲಿ ಪ್ರತಿಸ್ಪರ್ಧಿ ಓಲಾ ಸುಮಾರು 20 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಒಂದಿಷ್ಟು ನಗದು, ಉಳಿದದ್ದು ಓಲಾದ ಷೇರು. ಐದು ವರ್ಷಗಳ ನಂತರ ಅವರು ಮಯಂಕ್ ಬಿದವಟ್ಕ ಅವರೊಂದಿಗೆ ಕಟ್ಟಿದ ‘ಕೂ’ ಮೊದಲು ಕನ್ನಡದಲ್ಲೇ ಕಣ್ಣುಬಿಟ್ಟ ಸಾಮಾಜಿಕ ಜಾಲತಾಣ. 2024ರ ಜುಲೈನಲ್ಲಿ ಅದು ಮುಚ್ಚಿತು. ಹಲವು ದೊಡ್ಡ ಇಂಟರ್ನೆಟ್ ಕಂಪನಿಗಳು ಮತ್ತು ಮಾಧ್ಯಮ ಸಂಸ್ಥೆಗಳ ಜೊತೆ ಮಾತುಕತೆ ನಡೆಸಿದರೂ ಫಲ ಸಿಗಲಿಲ್ಲ ಎಂದು ಸ್ಥಾಪಕರೇ ತಿಳಿಸಿದರು.

ಉದ್ಯಮಿ ಅದೇ, ಊರು ಅದೇ, ಎರಡನೆಯ ಸಲ ಅನುಭವವೂ ಹೆಚ್ಚು. ಆದ್ದರಿಂದ ಇದನ್ನು ಸಾಮರ್ಥ್ಯದ ಏರುಪೇರು ಎಂದು ಓದುವುದು ತಪ್ಪು. ಟ್ಯಾಕ್ಸಿ ಫಾರ್ ಶ್ಯೂರ್ ಮಾರಾಟಕ್ಕೆ ಬಂದಾಗ ಅದನ್ನು ಕೊಂಡರೆ ತಕ್ಷಣ ಲಾಭ ಕಾಣಬಲ್ಲ ಪ್ರತಿಸ್ಪರ್ಧಿ ಎದುರಿಗೇ ಇದ್ದ. ಊಬರ್ ಜೊತೆ ಸೆಣಸುತ್ತಿದ್ದ ಆ ಪ್ರತಿಸ್ಪರ್ಧಿಯ ಕೈಯಲ್ಲಿ ಹೂಡಿಕೆದಾರರ ಹಣವೂ ಇತ್ತು. ‘ಕೂ’ ಖರೀದಿದಾರರನ್ನು ಹುಡುಕುವ ಹೊತ್ತಿಗೆ ಸ್ಟಾರ್ಟಪ್‌ಗಳಿಗೆ ಬರುವ ಬಂಡವಾಳವೇ ಬತ್ತಿತ್ತು. ಕೊಳ್ಳುವವನಿಗೆ ನಮ್ಮ ಕಂಪನಿ ಯಾವಾಗ ಅಗತ್ಯ ಎನ್ನಿಸುತ್ತದೆಯೋ ಆಗ ಮಾತ್ರ ಅದಕ್ಕೆ ಬೆಲೆ. ಆ ಕಾಲ ಬಂದಾಗ ನಾವು ಸಿದ್ಧವಿರಬೇಕು, ಅಷ್ಟೇ ನಮ್ಮ ಕೈಯಲ್ಲಿರುವುದು.

ಈ ಕತೆಗೆ ಇನ್ನೊಂದು ಮಗ್ಗುಲಿದೆ. 2016ರ ಆಗಸ್ಟ್‌ನಲ್ಲಿ ಓಲಾ ಟ್ಯಾಕ್ಸಿ ಫಾರ್ ಶ್ಯೂರ್ ಅನ್ನು ಮುಚ್ಚಿತು, ನೂರಾರು ಜನ ಕೆಲಸ ಕಳೆದುಕೊಂಡರು. ಸ್ಥಾಪಕರ ಮತ್ತು ಹೂಡಿಕೆದಾರರ ಮಟ್ಟಿಗೆ ಯಶಸ್ವಿಯಾದ ನಿರ್ಗಮನ ಕಾಲ್‌ಸೆಂಟರಿನಲ್ಲಿ ಕೂತಿದ್ದವರ ಪಾಲಿಗೆ ಹಾಗಿರಲಿಲ್ಲ. ವ್ಯವಹಾರ ನಿಮ್ಮ ಕೈಬಿಡುವ ದಿನ ಯಾರಿಗೆ ಏನು ಸೇರುತ್ತದೆ ಎಂಬ ಲೆಕ್ಕವನ್ನೇ ನಾನು ಇಲ್ಲಿ ನಿರ್ಗಮನ ಎನ್ನುತ್ತಿದ್ದೇನೆ. ಆ ಲೆಕ್ಕದ ಬಹುಪಾಲು ಮೊದಲ ಒಂದೆರಡು ವರ್ಷಗಳಲ್ಲಿ ಸಹಿ ಹಾಕಿದ ಕಾಗದಗಳಲ್ಲೇ ಬರೆದು ಮುಗಿದಿರುತ್ತದೆ. ಹೀಗಿರುವಾಗ ನಮ್ಮ ಹುಡುಗರು ಆ ಕಾಗದಗಳನ್ನು ಓದದೆ ಸಹಿ ಹಾಕುವುದನ್ನು ಕಂಡರೆ ಸಂಕಟವಾಗುತ್ತದೆ.

ದೊಡ್ಡ ಕತೆಗಳ ನೆರಳು

2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಸುಮಾರು 77 ಶೇಕಡಾ ಪಾಲು ಕೊಂಡ ಮೇಲೆ ‘ಎಕ್ಸಿಟ್’ ಎಂಬ ಮಾತು ಹೊಸ ಕಂಪನಿಗಳನ್ನು ಪೋಷಿಸುವ ಹುಬ್ಬಳ್ಳಿ, ಮಂಗಳೂರುಗಳ ಇನ್‌ಕ್ಯುಬೇಟರುಗಳಲ್ಲೂ ಬಳಕೆಗೆ ಬಂತು. ಆದರೆ ಹತ್ತು ಜನರ ಕಂಪನಿಗೆ ಆ ಕತೆಯಿಂದ ಕಲಿಯಲು ಹೆಚ್ಚೇನೂ ಇಲ್ಲ. ಕಲಿಯಬೇಕಾದ ಕತೆಗಳು ಬೇರೆ ಇವೆ.

ಆಂಡ್ರಾಯ್ಡ್ ಆ್ಯಪ್‌ಗಳ ಕಾರ್ಯಕ್ಷಮತೆ ಅಳೆಯುವ ಸಲಕರಣೆ ಮಾಡಿದ್ದ ಲಿಟಲ್ ಐ ಲ್ಯಾಬ್ಸ್ ಬೆಂಗಳೂರಿನ ಪುಟ್ಟ ಕಂಪನಿ. 2014ರ ಜನವರಿಯಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. ಭಾರತದಲ್ಲಿ ಫೇಸ್‌ಬುಕ್ ಕೊಂಡ ಮೊದಲ ಕಂಪನಿ ಅದು. ತಂಡ ಕ್ಯಾಲಿಫೋರ್ನಿಯಾಕ್ಕೆ ಹೊರಟಿತು. ಫೇಸ್‌ಬುಕ್‌ಗೆ ಬೇಕಾಗಿದ್ದದ್ದು ಮುಖ್ಯವಾಗಿ ಆ ಎಂಜಿನಿಯರುಗಳ ಕೈಚಳಕ. ಇಂತಹ ಮಾರಾಟದಲ್ಲಿ ಗ್ರಾಹಕರ ಸಂಖ್ಯೆ, ಲಾಭ ಎರಡೂ ಹಿಂದೆ ಸರಿಯುತ್ತವೆ. ತಂಡದ ಪ್ರಮುಖರು ಜೊತೆಗೆ ಬರುತ್ತಾರೆಯೇ ಎಂಬುದೊಂದೇ ಪ್ರಶ್ನೆ.

ಇನ್ನೊಂದು ಉಡುಪಿಯ ಕತೆ. ರೋಹಿತ್ ಭಟ್ ಅವರು 1996ರಲ್ಲಿ ಆರಂಭಿಸಿದ ರೋಬೋಸಾಫ್ಟ್ ಅನ್ನು ಜಪಾನಿನ ಟೆಕ್ನೋಪ್ರೋ 2021ರಲ್ಲಿ ಸುಮಾರು 805 ಕೋಟಿ ರೂಪಾಯಿಗೆ ಕೊಂಡಿತು. 25 ವರ್ಷ! ಐದು ವರ್ಷದಲ್ಲಿ ಕಟ್ಟಿ ಮಾರಿಬಿಡಬೇಕು ಎಂಬ ಆತುರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಕರಾವಳಿಯಲ್ಲಿ ನನಗೆ ಸಿಕ್ಕಿಲ್ಲ. ಸಮಯಕ್ಕೆ ಸರಿಯಾಗಿ ಕೆಲಸ ಒಪ್ಪಿಸಿ, ಬಿಲ್ಲಿನ ಹಣ ಪಡೆದು, ಮನೆ ಹತ್ತಿರದ ಊರಿನಲ್ಲೇ ಎಂಜಿನಿಯರುಗಳನ್ನು ಬೆಳೆಸುವ ಸೇವಾ ಕಂಪನಿಗೂ ಖರೀದಿದಾರ ಇದ್ದಾನೆ.

ಸಣ್ಣ ಕಂಪನಿಗಳ ಎಸ್‌ಎಂಇ ಷೇರು ವೇದಿಕೆಯ ಬಗ್ಗೆಯೂ ಒಂದು ಮಾತು. 2012ರಿಂದ ಬಿಎಸ್‌ಇ ಮತ್ತು ಎನ್‌ಎಸ್‌ಇ ಎರಡರಲ್ಲೂ ಈ ದಾರಿ ಇದೆ. ಆದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2025ರಲ್ಲಿ ನಿಯಮ ಬಿಗಿ ಮಾಡಿತು: ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷವಾದರೂ ಒಂದು ಕೋಟಿ ರೂಪಾಯಿ ಕಾರ್ಯಾಚರಣೆಯ ಲಾಭ ಇರಬೇಕು, ಹಳೆಯ ಷೇರುದಾರರು ಮಾರುವ ಪಾಲು ಒಟ್ಟು ವಿತರಣೆಯ 20 ಶೇಕಡಾ ಮೀರುವಂತಿಲ್ಲ. ಸ್ಥಾಪಕರ ಕನಿಷ್ಠ ಪಾಲು ಮೂರು ವರ್ಷ ಬೀಗದಲ್ಲಿರುತ್ತದೆ, ಮಾರುವಂತಿಲ್ಲ. ಇದು ಕಂಪನಿಗೆ ಬಂಡವಾಳ ತರುವ ದಾರಿಯೇ ಹೊರತು ನೀವು ಹೊರಗೆ ಹೋಗುವ ದಾರಿಯಲ್ಲ.

ಅಡಿಕೆ ಮಂಡಿಯ ಲೆಕ್ಕ

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಪೂರ್ತಿ ಕಲ್ಪಿತ. ಶಿವಮೊಗ್ಗದಲ್ಲಿ ಇಬ್ಬರು ಗೆಳತಿಯರು ಅಡಿಕೆ ಮಂಡಿಗಳಿಗಾಗಿ ಒಂದು ತಂತ್ರಾಂಶ ಮಾಡಿದ್ದಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆಬೇರೆ ದರದ ಚೀಲಗಳು, ರೈತನಿಗೆ ಕೊಟ್ಟ ಮುಂಗಡ, ಹಮಾಲಿ, ಕಮಿಷನ್, ಜಿಎಸ್‌ಟಿ, ಎಲ್ಲ ಒಂದೇ ಕಡೆ. ಇನ್ನೂರು ವರ್ತಕರು ಬಳಸುತ್ತಿದ್ದಾರೆ. ಹೂಡಿಕೆದಾರರು ಎರಡು ಕೋಟಿ ರೂಪಾಯಿ ಹಾಕಿ 20 ಶೇಕಡಾ ಪಾಲು ತೆಗೆದುಕೊಂಡಿದ್ದಾರೆ. ಗೆಳತಿಯರ ಹತ್ತಿರ ತಲಾ 35, ಸಿಬ್ಬಂದಿಗೆಂದು ಎತ್ತಿಟ್ಟದ್ದು 10.

ನಾಲ್ಕು ವರ್ಷದ ನಂತರ ಲೆಕ್ಕಪತ್ರ ತಂತ್ರಾಂಶದ ದೊಡ್ಡ ಕಂಪನಿಯೊಂದು ನಾಲ್ಕು ಕೋಟಿಗೆ ಕೊಳ್ಳುತ್ತೇನೆ ಎನ್ನುತ್ತದೆ. ನೆಂಟರಿಷ್ಟರು ತಲಾ ಒಂದು ಕೋಟಿ 40 ಲಕ್ಷ ಎಂದು ಮನಸ್ಸಿನಲ್ಲೇ ಎಣಿಸುತ್ತಾರೆ. ಆದರೆ ಹೂಡಿಕೆಯ ಒಪ್ಪಂದದಲ್ಲಿ ಲಿಕ್ವಿಡೇಶನ್ ಪ್ರಿಫರೆನ್ಸ್ ಎಂಬ ಷರತ್ತು ಇರುತ್ತದೆ. ಕಂಪನಿ ಮಾರಾಟವಾದರೆ ಹೂಡಿಕೆದಾರರು ಹಾಕಿದ ಹಣ ಮೊದಲು ಅವರಿಗೆ ಹೋಗಬೇಕು, ಉಳಿದದ್ದು ಉಳಿದವರಿಗೆ ಎಂಬುದು ಅದರ ಸಾರ. ಹಾಗಾಗಿ ಮೊದಲ ಎರಡು ಕೋಟಿ ಅವರದು. ಉಳಿದ ಎರಡು ಕೋಟಿಯಲ್ಲಿ ಗೆಳತಿಯರಿಗೆ ತಲಾ 87.5 ಲಕ್ಷ, ಸಿಬ್ಬಂದಿಗೆ 25 ಲಕ್ಷ.

ಇದು ಸೌಮ್ಯ ರೂಪ. ‘ಪಾರ್ಟಿಸಿಪೇಟಿಂಗ್’ ಎಂಬ ಒಂದೇ ಪದ ಒಪ್ಪಂದದಲ್ಲಿ ಸೇರಿಕೊಂಡರೆ ಹೂಡಿಕೆದಾರರು ತಮ್ಮ ಎರಡು ಕೋಟಿ ಪಡೆದ ಮೇಲೂ ಉಳಿದ ಹಣದಲ್ಲಿ 20 ಶೇಕಡಾ ಪಡೆಯುತ್ತಾರೆ. ಆಗ ಅವರಿಗೆ 2.4 ಕೋಟಿ, ಉಳಿದವರೆಲ್ಲರಿಗೂ ಸೇರಿ 1.6 ಕೋಟಿ. ಇದೇ ಕಂಪನಿ 15 ಕೋಟಿಗೆ ಮಾರಾಟವಾಯಿತು ಎಂದುಕೊಳ್ಳಿ. ಸೌಮ್ಯ ರೂಪದಲ್ಲಿ, ಹಾಕಿದ ಹಣ ಅಥವಾ ಪಾಲಿನ ಮೊತ್ತ ಇವೆರಡರಲ್ಲಿ ಹೆಚ್ಚಿನದನ್ನು ಆರಿಸಿಕೊಳ್ಳುವ ಹೂಡಿಕೆದಾರರು ತಮ್ಮ 20 ಶೇಕಡಾ ಪಾಲಿನಂತೆ ಮೂರು ಕೋಟಿ ಪಡೆದರೆ, ಆ ಪದ ಇದ್ದಾಗ ಅವರ ಪಾಲು 4.6 ಕೋಟಿ. ಎರಡು ಕೋಟಿಗೇ ಮಾರಿದರೆ ಯಾವ ರೂಪದಲ್ಲೂ ಸ್ಥಾಪಕರಿಗೆ ಸೊನ್ನೆ. ಒಂದು ಪದಕ್ಕೆ ಇಷ್ಟು ತೂಕ. ಹೂಡಿಕೆಯ ಚೆಕ್ಕು ಕಾಣುವ ಸಂಭ್ರಮದಲ್ಲಿ ‘ಕಂಪನಿಯ ಮೌಲ್ಯ ಎಷ್ಟು ನಿಗದಿಯಾಯಿತು’ ಎಂಬುದರ ಮೇಲೆ ವಾರಗಟ್ಟಲೆ ಜಗ್ಗಾಡುವವರು ಈ ಷರತ್ತನ್ನು ವಕೀಲರ ಪಾಲಿಗೆ ಬಿಟ್ಟುಬಿಡುತ್ತಾರೆ. ಸಣ್ಣ ಮೊತ್ತದ ಮಾರಾಟದಲ್ಲಿ ಮೌಲ್ಯಕ್ಕಿಂತ ಈ ಷರತ್ತೇ ಹೆಚ್ಚು ಹಣವನ್ನು ಅತ್ತಿತ್ತ ಮಾಡುತ್ತದೆ.

ಹೂಡಿಕೆದಾರರನ್ನು ದೂರಿ ಪ್ರಯೋಜನವಿಲ್ಲ. ಅವರ ನಿಧಿಯ ಹಣವೂ ಬೇರೆಯವರದೇ. ಎಂಟು ಹತ್ತು ವರ್ಷದಲ್ಲಿ ಅದನ್ನು ಹಿಂತಿರುಗಿಸಬೇಕು. ಹಾಗಾಗಿ ಅವರು ನಿಮ್ಮ ಕಂಪನಿಗೆ ಕಾಲಿಡುವಾಗಲೇ ಹೊರಬರುವ ದಾರಿ ಬರೆಸಿಕೊಂಡಿರುತ್ತಾರೆ. ಬಹುಮತದ ಷೇರುದಾರರು ಮಾರಲು ನಿರ್ಧರಿಸಿದರೆ ಉಳಿದವರೂ ಮಾರಲೇಬೇಕು ಎನ್ನುವ ಡ್ರ್ಯಾಗ್ ಅಲಾಂಗ್ ಅಂಥದ್ದು. ನಿಮ್ಮ ಹೂಡಿಕೆದಾರರ ನಿಧಿ ಯಾವ ವರ್ಷ ಮುಗಿಯುತ್ತದೆ ಎಂದು ಮೊದಲ ಭೇಟಿಯಲ್ಲೇ ಕೇಳಿ. ಅದು ಒರಟುತನವಲ್ಲ, ಮದುವೆ ಮಾತುಕತೆಗೆ ಕೂತವರು ಹುಡುಗನ ಕೆಲಸ ಯಾವ ಊರಿನಲ್ಲಿ ಎಂದು ಕೇಳುವಷ್ಟೇ ಸಹಜ.

ನಮ್ಮ ಉದಾಹರಣೆಗೆ ಇನ್ನೊಬ್ಬರನ್ನು ಸೇರಿಸೋಣ. ಮೊದಲ ವರ್ಷ ಜೊತೆಗಿದ್ದು, ನಂತರ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ ಮೂರನೆಯ ಗೆಳೆಯ. ಆರಂಭದಲ್ಲಿ ಮೂವರೂ ಸಮಪಾಲು ಹಂಚಿಕೊಂಡಿದ್ದರೆ, ಯಾವ ಕರಾರೂ ಇಲ್ಲದಿದ್ದರೆ, ಒಂದು ವರ್ಷ ದುಡಿದವನ ಹೆಸರಿನಲ್ಲಿ ಮೂರನೇ ಒಂದು ಪಾಲು ಹಾಗೆಯೇ ಉಳಿದಿರುತ್ತದೆ. ಕೊಳ್ಳುವವರು ಎಲ್ಲರ ಸಹಿಯನ್ನೂ ಕೇಳುತ್ತಾರೆ. ಆ ಗೆಳೆಯ ಒಳ್ಳೆಯವನೇ ಇರಬಹುದು, ಆದರೆ ಹಣದ ಮುಂದೆ ಕುಳಿತಾಗ ಎಲ್ಲರಿಗೂ ತಮ್ಮ ಒಂದು ವರ್ಷ ಬಹಳ ದೊಡ್ಡದಾಗಿ ಕಾಣುತ್ತದೆ. ದುಡಿದ ಅವಧಿಗೆ ತಕ್ಕಂತೆ ಷೇರು ಹಂತಹಂತವಾಗಿ ಕೈಸೇರುವ ವೆಸ್ಟಿಂಗ್ ಕರಾರನ್ನು, ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ, ಗೆಳೆತನ ಚೆನ್ನಾಗಿರುವಾಗಲೇ ಬರೆದುಕೊಳ್ಳಬೇಕು. ಕೆಟ್ಟ ಮೇಲೆ ಯಾರೂ ಬರೆದುಕೊಡುವುದಿಲ್ಲ.

ಕೊಳ್ಳುವವನು ನಿಜವಾಗಿ ಕೊಳ್ಳುವುದೇನು

ಬೆಲೆಗೆ ಎರಡೂ ಕಡೆ ತಲೆಯಾಡಿಸಿದ ಮೇಲೆ ಡ್ಯೂ ಡಿಲಿಜೆನ್ಸ್ ಆರಂಭವಾಗುತ್ತದೆ. ಖರೀದಿದಾರರ ಲೆಕ್ಕಪರಿಶೋಧಕರು, ವಕೀಲರು ಬಂದು ಕಂಪನಿಯ ಪ್ರತಿ ಕಾಗದವನ್ನೂ ತೆಗೆದು ನೋಡುತ್ತಾರೆ. ಸಣ್ಣ ಕಂಪನಿಗಳ ಮಾರಾಟ ಮುರಿದುಬೀಳುವುದು, ಇಲ್ಲವೇ ಬೆಲೆ ಇಳಿಯುವುದು ಹೆಚ್ಚಾಗಿ ಇಲ್ಲೇ.

ಮೊದಲ ಪ್ರಶ್ನೆ: ತಂತ್ರಾಂಶ ಯಾರದ್ದು? ಪ್ರಶ್ನೆ ವಿಚಿತ್ರ ಎನ್ನಿಸಬಹುದು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಮಾಲೀಕನದು. ಗುತ್ತಿಗೆಯ ಮೇಲೆ ಬರೆದುಕೊಟ್ಟವರದ್ದು ಹಾಗಲ್ಲ, ಅವರು ಲಿಖಿತವಾಗಿ ಹಕ್ಕು ವರ್ಗಾಯಿಸಬೇಕು. ವರ್ಗಾಯಿಸಿದ ಪತ್ರದಲ್ಲಿ ಅವಧಿ ಬರೆದಿರದಿದ್ದರೆ ಕಾನೂನು ಅದನ್ನು ಐದು ವರ್ಷಕ್ಕೆ ಎಂದು ಓದುತ್ತದೆ. ಯಾವ ಪ್ರದೇಶಕ್ಕೆ ಎಂದು ಹೇಳಿರದಿದ್ದರೆ ಭಾರತಕ್ಕೆ ಮಾತ್ರ ಎಂದು. ನಮ್ಮ ಮಂಡಿ ತಂತ್ರಾಂಶದ ಮೊದಲ ಆವೃತ್ತಿಯನ್ನು ಕಾಲೇಜಿನ ಜೂನಿಯರ್ ಒಬ್ಬ 30 ಸಾವಿರ ರೂಪಾಯಿಗೆ ಬರೆದುಕೊಟ್ಟಿದ್ದರೆ, ಒಂದು ವಾಟ್ಸ್ಆ್ಯಪ್ ಸಂದೇಶ ಬಿಟ್ಟು ಬೇರೇನೂ ದಾಖಲೆ ಇಲ್ಲದಿದ್ದರೆ, ನಾಲ್ಕು ಕೋಟಿಯ ವ್ಯವಹಾರ ಆ ಹುಡುಗನ ಸಹಿಗಾಗಿ ಕಾಯುತ್ತದೆ. ಅವನು ಈಗ ಎಲ್ಲಿದ್ದಾನೋ, ಹೇಗಿದ್ದಾನೋ.

ವೆಬ್‌ಸೈಟಿನ ಹೆಸರು ಸ್ಥಾಪಕಿಯ ತಮ್ಮನ ಹೆಸರಿನಲ್ಲಿ, ಪ್ಲೇ ಸ್ಟೋರ್ ಖಾತೆ ಯಾರದೋ ಸ್ವಂತ ಜಿಮೇಲ್‌ನಲ್ಲಿ, ಟ್ರೇಡ್‌ಮಾರ್ಕ್ ಅರ್ಜಿ ಹಾಕಿಯೇ ಇಲ್ಲ. ಇವೆಲ್ಲ ಒಂದೊಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದಾದ ಸಂಗತಿಗಳು. ಖರೀದಿದಾರ ಎದುರು ಕುಳಿತಾಗ ಸರಿಪಡಿಸಹೊರಟರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಪಡೆದ ಕಂಪನಿಗಳಂತೂ ಅದರ ಒಪ್ಪಂದ ಮತ್ತು ಖರ್ಚಿನ ಲೆಕ್ಕವನ್ನು ಬೇರೆಯೇ ಕಡತದಲ್ಲಿ ಇಟ್ಟುಕೊಳ್ಳಲಿ. ಅದನ್ನು ಖರೀದಿದಾರರು ಕೇಳದೆ ಬಿಡುವುದಿಲ್ಲ.

ಎರಡನೆಯ ಪ್ರಶ್ನೆಗೆ ಕಾಗದದಲ್ಲಿ ಉತ್ತರವಿರುವುದಿಲ್ಲ: ನೀವು ಒಂದು ತಿಂಗಳು ಫೋನ್ ಎತ್ತದಿದ್ದರೆ ಈ ವ್ಯವಹಾರ ನಡೆಯುತ್ತದೆಯೇ? ಮಂಡಿ ವರ್ತಕರು ಬಿಲ್ಲು ಮುದ್ರಣವಾಗದಿದ್ದಾಗ ಸ್ಥಾಪಕಿಗೇ ಕರೆ ಮಾಡಿ ‘ಅಕ್ಕಾ, ಸ್ವಲ್ಪ ನೋಡಿ’ ಎನ್ನುತ್ತಾರೆ. ಅವರು ಕೂಡಲೇ ನೋಡಿಕೊಡುತ್ತಾರೆ. ಆ ಪ್ರೀತಿಯೇ ಕಂಪನಿಯ ಬಲ. ಆದರೆ ಆ ಬಲ ಕಂಪನಿಯ ಜೊತೆ ಮಾರಾಟವಾಗುವುದಿಲ್ಲ, ಅದು ಅಕ್ಕನ ಜೊತೆಗೇ ಹೋಗುತ್ತದೆ. ದೂರು ಬಂದರೆ ಯಾರು ನೋಡಬೇಕು, ಹೊಸ ವರ್ತಕರಿಗೆ ಯಾರು ಕಲಿಸಬೇಕು, ದರ ಯಾರು ಹೇಳಬೇಕು ಎಂಬುದನ್ನೆಲ್ಲ ಬರೆದಿಟ್ಟು ಇನ್ನೊಬ್ಬರಿಗೆ ಕಲಿಸುವ ಕೆಲಸ ಎರಡು ವರ್ಷ ಹಿಡಿಯುತ್ತದೆ. ನಿರ್ಗಮನದ ತಯಾರಿಯಲ್ಲಿ ಅತಿ ನಿಧಾನದ, ಅತಿ ಬೇಸರದ, ಅತಿ ಬೆಲೆಬಾಳುವ ಭಾಗ ಇದೇ. ಮಾರದಿದ್ದರೂ ನಷ್ಟವಿಲ್ಲ. ಒಂದು ವಾರ ರಜೆ ಹಾಕಿ ಊರಿನ ಜಾತ್ರೆಗಾದರೂ ಹೋಗಿಬರಬಹುದು.

ಷೇರು ಮಾರುವುದೇ, ವ್ಯವಹಾರ ಮಾರುವುದೇ

ಮಾರುವ ರೂಪ ಎರಡು. ಸ್ಥಾಪಕರು ತಮ್ಮ ಷೇರುಗಳನ್ನೇ ಮಾರಿದರೆ ಹಣ ನೇರವಾಗಿ ಅವರಿಗೆ ಬರುತ್ತದೆ. ಷೇರುಪೇಟೆಯಲ್ಲಿ ಪಟ್ಟಿಯಾಗದ ಕಂಪನಿಯ ಷೇರನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದರೆ ದೀರ್ಘಾವಧಿ ಲಾಭದ ಮೇಲೆ 12.5 ಶೇಕಡಾ ತೆರಿಗೆ. 2024ರ ಜುಲೈ ಬಜೆಟ್ ತಂದ ದರ ಇದು. ಆದರೆ ಷೇರಿನ ಜೊತೆ ಕಂಪನಿಯ ಹಳೆಯ ಸಾಲ, ತೆರಿಗೆ ತಕರಾರು, ಮೊಕದ್ದಮೆಗಳೂ ಖರೀದಿದಾರರ ಹೆಗಲಿಗೇರುತ್ತವೆ. ಹಾಗಾಗಿ ಅವರು ಹೆಚ್ಚಾಗಿ ವ್ಯವಹಾರವನ್ನು ಮಾತ್ರ ಇಡಿಯಾಗಿ ಕೊಳ್ಳುವ ಸ್ಲಂಪ್ ಸೇಲ್ ಕೇಳುತ್ತಾರೆ. ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸಿದರೆ ಜಿಎಸ್‌ಟಿ ಇಲ್ಲ ಎಂಬುದು ನಿಜ. ಆದರೆ ಇಲ್ಲಿ ಹಣ ಬರುವುದು ಕಂಪನಿಗೆ, ತೆರಿಗೆ ಮೊದಲು ಕಂಪನಿಗೆ, ದೀರ್ಘಾವಧಿ ಎನ್ನಿಸಿಕೊಳ್ಳಲು 36 ತಿಂಗಳು ಬೇಕು. ಆಮೇಲೆ ಆ ಹಣವನ್ನು ಲಾಭಾಂಶವಾಗಿ ಷೇರುದಾರರಿಗೆ ಹಂಚುವಾಗ ಮತ್ತೊಮ್ಮೆ ತೆರಿಗೆ. ಬೆಲೆ ಒಂದೇ ಆದರೂ ಮನೆಗೆ ತಲುಪುವ ಹಣ ಬೇರೆಬೇರೆ. ಯಾವ ರೂಪ ಎಂದು ತಿಳಿಯದೆ ಬೆಲೆಗೆ ಒಪ್ಪಿಗೆ ಕೊಡಬಾರದು.

ಒಪ್ಪಿದ ಬೆಲೆಯೂ ಒಂದೇ ಕಂತಿನಲ್ಲಿ ಬರುವುದಿಲ್ಲ. ಒಂದು ಭಾಗವನ್ನು ಹಳೆಯ ಹೊಣೆಗಾರಿಕೆಗಳಿಗೆಂದು ಷರತ್ತು ಪೂರೈಸಿದ ಮೇಲಷ್ಟೇ ಹಣ ಬಿಡುವ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ತಡೆಹಿಡಿಯುತ್ತಾರೆ. ಇನ್ನೊಂದು ಭಾಗವನ್ನು ‘ಮುಂದಿನ ಎರಡು ವರ್ಷ ಇಷ್ಟು ವ್ಯಾಪಾರವಾದರೆ ಕೊಡುತ್ತೇವೆ’ ಎಂದು ಅರ್ನ್‌ಔಟ್ ಮಾಡುತ್ತಾರೆ. ಮಾರಿದ ಮೇಲೆ ದರ ನಿಗದಿ, ಜಾಹೀರಾತು, ನೇಮಕಾತಿ ಯಾವುದೂ ನಿಮ್ಮ ಕೈಯಲ್ಲಿರುವುದಿಲ್ಲ. ಗುರಿ ಮಾತ್ರ ನಿಮ್ಮದು. ಅರ್ನ್‌ಔಟ್ ಹಣವನ್ನು ಬಂದರೆ ಬಂತು ಎಂದು ಲೆಕ್ಕದಿಂದ ಹೊರಗಿಟ್ಟು, ಮೊದಲ ದಿನ ಕೈಗೆ ಸೇರುವ ಮೊತ್ತಕ್ಕೇ ಮಾರಲು ಮನಸ್ಸಾಗುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹೆಸರಿನ ವಿಷಯಕ್ಕೆ ಬಂದರೆ ನಮ್ಮ ಮನೆಮನೆಯ ಉದಾಹರಣೆಯೊಂದಿದೆ. ಎಂಟಿಆರ್ ಫುಡ್ಸ್ ಅನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಮಾತ್ರ ಕುಟುಂಬದ ಕೈಯಲ್ಲೇ ಉಳಿಯಿತು. ಕೆಲವು ವರ್ಷಗಳ ನಂತರ, ಕಂಪನಿಯನ್ನು ಮಾರಿದ್ದ ಪಿ. ಸದಾನಂದ ಮಯ್ಯ ಅವರು ಆಹಾರೋದ್ಯಮಕ್ಕೆ ಮರಳಿದಾಗ ಪೊಟ್ಟಣದ ಮೇಲಿದ್ದ ಹೆಸರು ‘ಮಯ್ಯಾಸ್’. ಎಂಟಿಆರ್ ಎಂಬ ಹೆಸರು ಪೊಟ್ಟಣದ ವ್ಯಾಪಾರದ ಜೊತೆ ಹೋಗಿತ್ತು. ವ್ಯಾಪಾರಕ್ಕೆ ಅಡ್ಡಿಪಡಿಸುವ ಕರಾರು ಅಸಿಂಧು ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್. ಆದರೆ ಗುಡ್‌ವಿಲ್, ಅಂದರೆ ವ್ಯಾಪಾರದ ಹೆಸರು ಮತ್ತು ಗ್ರಾಹಕರ ವಿಶ್ವಾಸ, ಮಾರಿದವರಿಗೆ ಆ ರಕ್ಷಣೆ ಸಿಗುವುದಿಲ್ಲ. ನಿರ್ದಿಷ್ಟ ಪ್ರದೇಶದಲ್ಲಿ ಅದೇ ವ್ಯಾಪಾರ ಮಾಡುವುದಿಲ್ಲ ಎಂದು ಅವರಿಂದ ಬರೆಸಿಕೊಳ್ಳಬಹುದು. ಕೆಲಸ ಬಿಟ್ಟ ನೌಕರನನ್ನು ಕಟ್ಟಿಹಾಕಲಾಗದ ಕಾನೂನು ಮಾರಿದ ಸ್ಥಾಪಕರನ್ನು ಕಟ್ಟಿಹಾಕುತ್ತದೆ. ನಲವತ್ತನೆಯ ವಯಸ್ಸಿನಲ್ಲಿ ಮಾರುವವರು ಮುಂದಿನ ಮೂರು ವರ್ಷ ಏನು ಮಾಡುವುದು ಎಂದು ಯೋಚಿಸದೆ ಸಹಿ ಹಾಕಬಾರದು. ಬಲ್ಲ ಕೆಲಸ ಒಂದೇ ಆಗಿದ್ದರೆ ಇನ್ನೂ ಹೆಚ್ಚು ಯೋಚಿಸಬೇಕು.

ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳಲು ಸಿಬ್ಬಂದಿಗೆ ಅವಕಾಶ ಕೊಡುವ ಇಸಾಪ್‌ಗಳದ್ದೂ ಇಂಥದ್ದೇ ಸೂಕ್ಷ್ಮ. ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಅವು ಹಕ್ಕಾಗಿ ಮಾರ್ಪಡುವುದಿಲ್ಲ. ಕೆಲಸ ಬಿಟ್ಟ ಕೆಲವೇ ತಿಂಗಳಲ್ಲಿ ಹಣ ಕಟ್ಟಿ ಷೇರು ಪಡೆಯದಿದ್ದರೆ ರದ್ದು ಎಂಬ ಷರತ್ತು ಬಹಳ ಯೋಜನೆಗಳಲ್ಲಿರುತ್ತದೆ. ಕಡಿಮೆ ಸಂಬಳಕ್ಕೆ ಮೂರು ವರ್ಷ ದುಡಿದು, ಮಾರಾಟಕ್ಕೆ ಆರು ತಿಂಗಳ ಮೊದಲು ತಾಯಿಯ ಆರೋಗ್ಯಕ್ಕಾಗಿ ಊರಿಗೆ ಹೋದ ಹುಡುಗಿಗೆ ಏನೂ ಸಿಗದ ಯೋಜನೆಯನ್ನು ನಾನು ನ್ಯಾಯದ ಯೋಜನೆ ಎನ್ನಲಾರೆ. ಆ ಗಡುವನ್ನು ಹಲವು ವರ್ಷಕ್ಕೆ ವಿಸ್ತರಿಸುವುದು ಸ್ಥಾಪಕರ ಕೈಯಲ್ಲೇ ಇದೆ. ಮಾರಾಟದ ಮೇಜಿಗೆ ಹೋಗುವ ಮೊದಲು ಮಾಡಿದರೆ ಖರ್ಚೂ ಇಲ್ಲ.

ಮುಚ್ಚುವುದೂ ಒಂದು ನಿರ್ಗಮನ

ಖರೀದಿದಾರ ಸಿಗುವುದು ಕೆಲವರಿಗೆ. ಉಳಿದವರ ಬಗ್ಗೆ ಯಾರೂ ಬರೆಯುವುದಿಲ್ಲ, ಮಾತನಾಡುವುದೂ ಇಲ್ಲ. ಬಹಳ ಜನ ಮಾಡುವುದು ಇಷ್ಟೇ: ಕಚೇರಿಗೆ ಬೀಗ ಹಾಕಿ, ರಿಟರ್ನ್ ಸಲ್ಲಿಸುವುದನ್ನು ನಿಲ್ಲಿಸಿ, ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಕಂಪನಿ ತಾನಾಗಿ ಸಾಯುತ್ತದೆ ಎಂಬ ನಂಬಿಕೆ. ಕಂಪನಿ ಹಾಗೆ ಸಾಯುವುದಿಲ್ಲ. ಸತತ ಮೂರು ವರ್ಷ ವಾರ್ಷಿಕ ದಾಖಲೆ ಸಲ್ಲಿಸದ ಕಂಪನಿಯ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಅಳಿಸಿತು, ಈ ನಿಯಮದಡಿ ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಿತು. ಹಳೆಯ ಕಂಪನಿಗೆ ಬೀಗ ಹಾಕಿ ಮರೆತವರು ಹೊಸ ಕಂಪನಿ ತೆರೆಯಹೋದಾಗ ಆ ಬೀಗ ಮತ್ತೆ ಎದುರಾಗುತ್ತದೆ.

ಸರಿಯಾದ ದಾರಿ ಅಷ್ಟೇನೂ ದುರ್ಗಮವಲ್ಲ. ಎರಡು ಹಣಕಾಸು ವರ್ಷ ವ್ಯವಹಾರ ನಡೆಸಿರದ, ಬಾಕಿಗಳನ್ನೆಲ್ಲ ತೀರಿಸಿದ ಕಂಪನಿಯು ಷೇರು ಬಂಡವಾಳದ 75 ಶೇಕಡಾ ಹೊಂದಿರುವ ಷೇರುದಾರರ ಒಪ್ಪಿಗೆಯೊಂದಿಗೆ, 10 ಸಾವಿರ ರೂಪಾಯಿ ಶುಲ್ಕ ಕಟ್ಟಿ ಎಸ್‌ಟಿಕೆ-2 ಅರ್ಜಿ ಸಲ್ಲಿಸಿದರೆ ನೋಂದಣಿಯಿಂದ ಹೆಸರು ತೆಗೆಯಲಾಗುತ್ತದೆ. ಇದಕ್ಕಾಗಿಯೇ 2023ರ ಮೇ ತಿಂಗಳಿನಿಂದ ಸಿ-ಪೇಸ್ ಎಂಬ ಪ್ರತ್ಯೇಕ ಕೇಂದ್ರ ಕೆಲಸ ಮಾಡುತ್ತಿದೆ. ಆಸ್ತಿ ಇದೆ, ಬಾಕಿಯೂ ಇದೆ, ಆದರೆ ಎಲ್ಲ ತೀರಿಸಬಲ್ಲೆವು ಎನ್ನುವವರಿಗೆ ದಿವಾಳಿ ಸಂಹಿತೆಯ 59ನೇ ಸೆಕ್ಷನ್ ಅಡಿ ಸ್ವಯಂಪ್ರೇರಿತ ಸಮಾಪನೆ ಇದೆ. ಸ್ವಲ್ಪ ದುಬಾರಿ, ಆದರೆ ನಂತರ ಯಾರೂ ಬಾಗಿಲು ಬಡಿಯುವುದಿಲ್ಲ. ಒಂದನ್ನು ಮಾತ್ರ ಮರೆಯಬಾರದು: ಬ್ಯಾಂಕಿನ ಸಾಲಕ್ಕೆ ನೀವು ವೈಯಕ್ತಿಕ ಜಾಮೀನು ಹಾಕಿದ್ದರೆ ಕಂಪನಿ ಅಳಿದರೂ ಅದು ಅಳಿಯುವುದಿಲ್ಲ.

ಬಾಕಿ ತೀರಿಸುವ ಮೊದಲೇ ಮುಚ್ಚಿದರೆ ಏನಾಗಬಹುದು ಎಂಬುದಕ್ಕೆ 2017ರ ಸ್ಟೇಜಿಲ್ಲಾ ಪ್ರಕರಣ ಇದೆ. ವಸತಿ ಕಾಯ್ದಿರಿಸುವ ಆ ಕಂಪನಿ ಫೆಬ್ರವರಿಯಲ್ಲಿ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿತು. ಮಾರ್ಚ್‌ನಲ್ಲಿ, ಜಾಹೀರಾತು ಸಂಸ್ಥೆಯೊಂದು ಬಾಕಿ ಹಣದ ಬಗ್ಗೆ ಕೊಟ್ಟ ದೂರಿನ ಮೇಲೆ ಅದರ ಸಹಸ್ಥಾಪಕರನ್ನು ಚೆನ್ನೈ ಪೊಲೀಸರು ಬಂಧಿಸಿದರು. ಹಣಕಾಸಿನ ತಕರಾರಿಗೆ ಬಂಧನ ಬೇಕಿತ್ತೇ ಎಂದು ದೇಶದ ಉದ್ಯಮಿಗಳು ಆಗ ಪ್ರಶ್ನಿಸಿದ್ದು ನ್ಯಾಯವೇ. ಆದರೆ ಚಿಕ್ಕ ಸರಬರಾಜುದಾರನ ಕಡೆಯಿಂದಲೂ ನೋಡಬೇಕು. ಮುದ್ರಣ ಮಾಡಿಕೊಟ್ಟವರು, ಊಟ ಕಳಿಸಿದವರು, ವ್ಯಾನು ಓಡಿಸಿದವರು ಕಂಪನಿಯ ಹೂಡಿಕೆದಾರರಲ್ಲ. ನಷ್ಟದ ಪಾಲು ಹೊರಲು ಅವರು ಯಾವತ್ತೂ ಒಪ್ಪಿರಲಿಲ್ಲ.

ಇದಕ್ಕಾಗಿಯೇ ಹಣ ಪೂರ್ತಿ ಮುಗಿಯುವ ತನಕ ಕಾಯುವುದನ್ನು ನಾನು ಧೈರ್ಯ ಎನ್ನುವುದಿಲ್ಲ. ಬ್ಯಾಂಕಿನಲ್ಲಿ ಒಂಬತ್ತು ಹತ್ತು ತಿಂಗಳ ಖರ್ಚಿನ ಹಣ ಉಳಿದಿರುವಾಗ ಖರೀದಿದಾರರ ಜೊತೆ ಮಾತು ಆರಂಭಿಸಬೇಕು. ಮಾತುಕತೆ, ಪರಿಶೀಲನೆ, ಒಪ್ಪಂದ ಸೇರಿ ಆರು ತಿಂಗಳು ಸುಲಭವಾಗಿ ಹೋಗುತ್ತದೆ. ಎರಡು ತಿಂಗಳ ಸಂಬಳ ಮಾತ್ರ ಉಳಿದಿದೆ ಎಂದು ಎದುರಿನವರಿಗೆ ಗೊತ್ತಾದ ಕೂಡಲೇ ಅವರು ಬೆಲೆ ಹೇಳುವುದನ್ನು ಬಿಟ್ಟು ಕಾಯಲು ಶುರು ಮಾಡುತ್ತಾರೆ. ಸಂಬಳ, ಭವಿಷ್ಯನಿಧಿ, ಗ್ರಾಚ್ಯುಟಿ, ಸರಬರಾಜುದಾರರ ಬಾಕಿ, ಮುಚ್ಚುವ ಶುಲ್ಕ, ಇಷ್ಟನ್ನೂ ಕೂಡಿ ಬರುವ ಮೊತ್ತವನ್ನು ಮುಟ್ಟದ ಹಣವೆಂದು ಬೇರೆ ಠೇವಣಿಯಲ್ಲಿಟ್ಟು ಕೆಲಸ ಮಾಡುವ ಸ್ಥಾಪಕರು ಕಡಿಮೆ. ಅವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಶಿವಮೊಗ್ಗದ ನಮ್ಮ ಕಲ್ಪಿತ ಗೆಳತಿಯರಿಗೆ ಖರೀದಿದಾರರು ಸಿಗಲಿಲ್ಲ ಎಂದೇ ಇಟ್ಟುಕೊಳ್ಳೋಣ. ಸಿಬ್ಬಂದಿಗೆ ಹಣ ಕೊಟ್ಟಾಯಿತು, ಬಾಕಿ ತೀರಿತು. ಆದರೂ ಇನ್ನೂರು ಮಂಡಿಗಳ ಲೆಕ್ಕ ಅವರ ಸರ್ವರಿನಲ್ಲಿದೆ. ಜಿಎಸ್‌ಟಿ ಕಾನೂನಿನಂತೆ ವರ್ತಕರು ತಮ್ಮ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಿಟ್ಟುಕೊಳ್ಳಬೇಕು. ಸುಗ್ಗಿಯ ನಡುವೆ ಸರ್ವರ್ ನಿಲ್ಲಿಸಿದರೆ ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟಿದ್ದೇವೆ ಎಂಬುದೂ ಮಂಡಿಯವರಿಗೆ ತಿಳಿಯದು. ಹಾಗಾಗಿ ಹೊಸ ಅಡಿಕೆ ಮಾರುಕಟ್ಟೆಗೆ ಬರುವ ಮೊದಲೇ ತಿಳಿಸಿ, ಪ್ರತಿ ವರ್ತಕರ ಪೂರ್ತಿ ಲೆಕ್ಕವನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಟ್ಟು, ಅದು ತೆರೆಯುತ್ತದೆಯೇ ಎಂದು ಒಬ್ಬೊಬ್ಬರಿಗೂ ಕರೆ ಮಾಡಿ ಕೇಳಿ, ಮಾರ್ಚ್ ಕೊನೆಯ ಲೆಕ್ಕ ಮುಗಿಯುವವರೆಗೆ ಸರ್ವರಿನ ಬಾಡಿಗೆ ಕಟ್ಟಬೇಕು. ಅಷ್ಟು ತಿಂಗಳ ಬಾಡಿಗೆಯನ್ನೂ ಆ ಮುಟ್ಟದ ಠೇವಣಿಯಲ್ಲಿ ಮೊದಲೇ ಸೇರಿಸಿಡಬೇಕು.